ಫ್ಲ್ಯಾಟಿನ ಪ್ಯಾಸೇಜಿಗೆ ಎಂಥ ಸೀಲಿಂಗ್, ಎಂಥ ದೀಪ?

ಪ್ರಶ್ನೆ: ಹೊಸಮನೆಯವರು, ಥಣಿಸಂದ್ರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಥಣಿಸಂದ್ರದ ಬಳಿ ನಾವು ಕೊಂಡಿರುವ ಫ್ಲ್ಯಾಟಿನಲ್ಲಿ ಒಳಾಂಗಣದ ಕೆಲಸ ನಡೆಯುತ್ತಿದೆ. ಹಾಲ್, ಅಡುಗೆಮನೆ ಮತ್ತು ಮಲಗುವ ಕೋಣೆಗಳ ಬಗ್ಗೆ ತೀರ್ಮಾನಕ್ಕೆ ಬಂದಿದ್ದೇವೆ. ಹಾಲಿನಿಂದ ಕೋಣೆಗಳ ಕಡೆಗೆ ಹೋಗುವ ಪ್ಯಾಸೇಜಿನ ಸೀಲಿಂಗ್ ಹೇಗಿರಬೇಕು, ಅಲ್ಲಿ ಎಂಥ ದೀಪ ಹಾಕಿಸಬೇಕು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಪ್ಯಾಸೇಜಿನ ಉದ್ದ 17 ಅಡಿ, ಅಗಲ 3 ಅಡಿ 9 ಇಂಚು. ಟೈಲಿನಿಂದ ಸ್ಲ್ಯಾಬಿನವರೆಗೆ 9 ಅಡಿ 6 ಇಂಚು ಎತ್ತರವಿದೆ. ಹಾಲ್ ಕಡೆಯ ತುದಿಯಲ್ಲಿ ಒಂದು ಬೀಮ್ ಸ್ಲ್ಯಾಬಿಗಿಂತ 10 ಇಂಚು ಕೆಳಗಿಳಿದಿದೆ. ಎಡಗಡೆಗೆ ಕಾಮನ್ ಬಾತ್‌ರೂಮ್ ಮತ್ತು ಒಂದು ಕೋಣೆಯ ಬಾಗಿಲುಗಳಿವೆ. ಬಲಗಡೆಗೆ ಸುಮಾರು 10 ಅಡಿ ಉದ್ದದ ಖಾಲಿ ಗೋಡೆ, ಅದರಾಚೆ ಇನ್ನೊಂದು ಕೋಣೆಯ ಬಾಗಿಲು. ತುದಿಯಲ್ಲಿ ದೊಡ್ಡ ಕೋಣೆಯ ಬಾಗಿಲು ಬರುತ್ತದೆ. ಎಲ್ಲಿಯೂ ಕಿಟಕಿ ಇಲ್ಲದಿರುವುದರಿಂದ ಹಗಲಿನಲ್ಲಿಯೂ ದೀಪ ಹಾಕಬೇಕಾಗುತ್ತದೆ. ಕಟ್ಟಡ ಮಿವಾನ್ ಪದ್ಧತಿಯದು, ಅಂದರೆ ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಎರಕ ಹೊಯ್ದು ಕಟ್ಟಿದ್ದು. ಗೋಡೆಗಳೆಲ್ಲ ಕಾಂಕ್ರೀಟಿನವು, ಅವುಗಳನ್ನು ಕೊರೆದು ಪೈಪ್ ಹೂಳಲು ಬಿಲ್ಡರ್ ಅನುಮತಿ ಕೊಡುವುದಿಲ್ಲ. ಸ್ಲ್ಯಾಬಿನ ನಡುವೆ ಒಂದೇ ಒಂದು ಲೈಟ್ ಪಾಯಿಂಟ್ ಇದೆ, ಅದರ ಸ್ವಿಚ್ ಹಾಲ್ ಕಡೆಯ ತುದಿಯಲ್ಲಿದೆ.

ನಮ್ಮ ಗುತ್ತಿಗೆದಾರರು ಎರಡೂ ಬದಿಯಲ್ಲಿ ಕೋವ್ (ದೀಪವನ್ನು ಮರೆಮಾಡುವ ತೋಡು) ಇರುವ ಪಿ.ಓ.ಪಿ. (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್ ಮಾಡಿ, ನಡುವೆ ಮರದ ಬಣ್ಣದ ಪಿ.ವಿ.ಸಿ. ಪಟ್ಟಿಗಳನ್ನು ಕೂರಿಸಿ, ಒಂದೇ ಸಾಲಿನಲ್ಲಿ ಕೆಳಮುಖವಾಗಿ ಬೆಳಗುವ ಆರು ಡೌನ್‌ಲೈಟ್ ಹಾಕೋಣ ಎನ್ನುತ್ತಾರೆ. ಇಷ್ಟು ಕಿರಿದಾದ ಜಾಗಕ್ಕೆ ಅಷ್ಟೆಲ್ಲ ಬೇಡ, ಸ್ಲ್ಯಾಬಿಗೆ ಬಿಳಿ ಬಣ್ಣ ಬಳಿದರೆ ಸಾಕು ಎಂಬುದು ನನ್ನ ಪತ್ನಿಯ ಅಭಿಪ್ರಾಯ. ನಮ್ಮೊಡನೆ 74 ವರ್ಷದ ತಾಯಿಯವರಿದ್ದು, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವಾಗ ಅವರು ಇದೇ ಪ್ಯಾಸೇಜನ್ನು ದಾಟಬೇಕು. ಫಾಲ್ಸ್ ಸೀಲಿಂಗ್ ಬೇಕೇ ಬೇಡವೇ, ಬೇಕಾದರೆ ಯಾವುದರದ್ದು, ಎಷ್ಟು ದೀಪ, ಯಾವ ಬಣ್ಣದ ಬೆಳಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಒಳಾಂಗಣ ವಿನ್ಯಾಸಕಿ, ಮೈಸೂರು

ಅಳತೆಗಳನ್ನು ಇಷ್ಟು ವಿವರವಾಗಿ ಕೊಟ್ಟಿರುವುದರಿಂದ ಉತ್ತರಿಸುವುದು ಸುಲಭವಾಯಿತು. ಸಾಮಾನ್ಯವಾಗಿ ಎಲ್ಲರೂ ಮೊದಲು ಸೀಲಿಂಗಿನ ವಿನ್ಯಾಸವನ್ನು ಆರಿಸಿ, ಆಮೇಲೆ ಅದರಲ್ಲಿ ದೀಪಕ್ಕೆ ತೂತು ಎಲ್ಲಿ ಎಂದು ಹುಡುಕುತ್ತಾರೆ. ಕಿರಿದಾದ ಪ್ಯಾಸೇಜಿನಲ್ಲಿ ಈ ಕ್ರಮವನ್ನು ತಿರುಗಿಸಲೇಬೇಕು. ಬೆಳಕು ಯಾವ ಮೇಲ್ಮೈಯ ಮೇಲೆ ಬೀಳಬೇಕೆಂದು ಮೊದಲು ನಿರ್ಧರಿಸಿದರೆ, ಸೀಲಿಂಗ್ ಎಷ್ಟು ಎತ್ತರದಲ್ಲಿರಬೇಕು, ಅದರ ಮೈ ಎಷ್ಟು ನಯವಾಗಿರಬೇಕು ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಪ್ಯಾಸೇಜಿನಲ್ಲಿ ನಡೆಯುವವರ ಕಣ್ಣು ನೆಲವನ್ನಾಗಲಿ ಸೀಲಿಂಗನ್ನಾಗಲಿ ನೋಡುವುದು ಕಡಿಮೆ. ಅವರಿಗೆ ಕಾಣುವುದು ಎರಡು ಪಕ್ಕದ ಗೋಡೆಗಳು ಮತ್ತು ಎದುರಿನ ತುದಿ. ನಡುಸಾಲಿನಲ್ಲಿ ಆರು ಡೌನ್‌ಲೈಟ್ ಹಾಕಿ, ಅವುಗಳ ಕಿರಣಕೋನವೂ (ಬೆಳಕು ಹರಡುವ ಕೋನ) ಕಿರಿದಾಗಿದ್ದರೆ, ನೆಲದ ಮೇಲೆ ಆರು ಬೆಳಕಿನ ವೃತ್ತಗಳು ಮೂಡುತ್ತವೆ, ಗೋಡೆಗಳ ಮೇಲ್ಭಾಗ ಕತ್ತಲಾಗಿಯೇ ಉಳಿಯುತ್ತದೆ. ಆಗ ದೀಪಗಳ ಸಂಖ್ಯೆ ಹೆಚ್ಚಿದ್ದರೂ ಜಾಗ ಇನ್ನಷ್ಟು ಇಕ್ಕಟ್ಟಾಗಿ ಕಾಣುತ್ತದೆ. ನಿಮ್ಮ 10 ಅಡಿಯ ಖಾಲಿ ಗೋಡೆ ಈ ಪ್ಯಾಸೇಜಿನ ಆಸ್ತಿ. ದೀಪಗಳನ್ನು ಆ ಗೋಡೆಯಿಂದ ಒಂದು ಅಡಿ ದೂರದಲ್ಲಿ, ಒಂದಕ್ಕೊಂದು ಸುಮಾರು 3 ಅಡಿ ಅಂತರದಲ್ಲಿ, ಅಗಲವಾದ ಕಿರಣಕೋನದ ಫಿಟಿಂಗ್‌ಗಳಾಗಿ ಹಾಕಿದರೆ ಗೋಡೆಯುದ್ದಕ್ಕೂ ಬೆಳಕು ಹರಡಿ, ಅಲ್ಲಿಂದ ಮರಳಿ ಬಂದು ನಡೆಯುವ ದಾರಿಯನ್ನೂ ಬೆಳಗುತ್ತದೆ. ಗೋಡೆಗೆ ಏನನ್ನಾದರೂ ತೂಗುಹಾಕುವ ಯೋಚನೆಯಿದ್ದರೆ ಮಾತ್ರ ಈ ಒಂದಡಿಯ ಲೆಕ್ಕವನ್ನು ಬದಲಾಯಿಸಬೇಕಾಗುತ್ತದೆ.

ಎಷ್ಟು ಬೆಳಕು ಬೇಕು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ನಿಮ್ಮ ಪ್ಯಾಸೇಜಿನ ವಿಸ್ತೀರ್ಣ ಸುಮಾರು 64 ಚದರಡಿ, ಅಂದರೆ ಹತ್ತಿರಹತ್ತಿರ 6 ಚದರ ಮೀಟರ್. ಓಡಾಟದ ದಾರಿಗಳಿಗೆ 100 ಲಕ್ಸ್ (ಅಂದರೆ ಒಂದು ಚದರ ಮೀಟರಿಗೆ 100 ಲುಮೆನ್; ಲುಮೆನ್ ಎಂಬುದು ಬೆಳಕಿನ ಪ್ರಮಾಣದ ಅಳತೆ) ಇಟ್ಟುಕೊಳ್ಳುವುದು ರೂಢಿಯಲ್ಲಿರುವುದರಿಂದ ನೆಲಕ್ಕೆ ತಲುಪಬೇಕಾದ ಬೆಳಕು 600 ಲುಮೆನ್. ಆದರೆ ಕಿರಿದಾಗಿ ಎತ್ತರವಾಗಿರುವ ಜಾಗದಲ್ಲಿ ಬೆಳಕಿನ ಬಹುಪಾಲನ್ನು ಗೋಡೆಗಳೇ ಕುಡಿದುಬಿಡುತ್ತವೆ. ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ನೆಲಕ್ಕೆ ಇಳಿಯುತ್ತದೆ. ದೂಳು ಕೂರುವುದು, ಎಲ್.ಇ.ಡಿ. ಹಳೆಯದಾಗುವುದು ಇವುಗಳಿಗಾಗಿ ಇನ್ನೊಂದು ಐದನೆಯ ಭಾಗವನ್ನು ಕಳೆದರೆ, ಫಿಟಿಂಗ್‌ಗಳಿಂದ ಒಟ್ಟು 2000 ಲುಮೆನ್‌ಗಿಂತ ಸ್ವಲ್ಪ ಹೆಚ್ಚು ಹೊರಡಬೇಕು. ಒಂದು ವಾಟಿಗೆ 90 ಲುಮೆನ್ ಕೊಡುವ 6 ವಾಟಿನ ನಾಲ್ಕು ದೀಪಗಳಿಂದ ಇದು ದೊರೆಯುತ್ತದೆ. ಈ ಲೆಕ್ಕ ಗೋಡೆ ಮತ್ತು ಸೀಲಿಂಗ್ ಬಿಳಿ ಅಥವಾ ತಿಳಿಬಣ್ಣದ್ದಾಗಿದ್ದರೆ ಮಾತ್ರ ಸರಿ. ಬಿಳಿ ಸೀಲಿಂಗ್ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 80ರಷ್ಟನ್ನು ಹಿಂದಿರುಗಿಸುತ್ತದೆ. ಕಡುಮರದ ಬಣ್ಣದ ಪಟ್ಟಿ ಅದರಲ್ಲಿ ಸಣ್ಣ ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಕಿಟಕಿಯಿಲ್ಲದ ಜಾಗದಲ್ಲಿ ಸೀಲಿಂಗಿಗೆ ಕಡುಬಣ್ಣ ಬೇಡವೆಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಎತ್ತರದ ವಿಚಾರ. ಇಲ್ಲಿ ನನ್ನ ಸಲಹೆ ನಿಮ್ಮಿಬ್ಬರ ನಿರೀಕ್ಷೆಗೂ ವಿರುದ್ಧವಾಗಿ ತೋರಬಹುದು. ನಾಲ್ಕಡಿಯೂ ಅಗಲವಿಲ್ಲದ, ಒಂಬತ್ತೂವರೆ ಅಡಿ ಎತ್ತರದ ಪ್ಯಾಸೇಜ್ ಬಾವಿಯ ಒಳಗಿನಂತೆ ಭಾಸವಾಗುತ್ತದೆ. ಸೀಲಿಂಗನ್ನು ಬೀಮಿನ ಕೆಳಮೈಯ ಮಟ್ಟಕ್ಕೆ, ಅಂದರೆ 8 ಅಡಿ 8 ಇಂಚಿಗೆ, ಸಮತಟ್ಟಾಗಿ ಇಳಿಸಿದರೆ ಬೀಮ್ ಕಣ್ಣಿಗೆ ಕಾಣದಂತಾಗುತ್ತದೆ, ಅಗಲ ಹೆಚ್ಚಿದಂತೆ ಅನಿಸುತ್ತದೆ, ಕೋಣೆಯೊಳಗೆ ಕಾಲಿಟ್ಟಾಗ ಅಲ್ಲಿನ ಎತ್ತರವೂ ಮನಸ್ಸಿಗೆ ತಟ್ಟುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಗಳಿಗೆ 2.75 ಮೀಟರ್ ಎತ್ತರವನ್ನು ಕೇಳುತ್ತದೆ. ಬೀಮಿನ ಕೆಳಗೆ 2.4 ಮೀಟರ್ ಇದ್ದರೆ ಸಾಕು. 8 ಅಡಿ 8 ಇಂಚು ಎಂದರೆ 2.64 ಮೀಟರ್, ಆದ್ದರಿಂದ ಓಡಾಟದ ಜಾಗಕ್ಕೆ ಯಾವ ತೊಡಕೂ ಇಲ್ಲ.

ಪಿ.ಓ.ಪಿ.ಗಿಂತ 12.5 ಮಿಲಿಮೀಟರಿನ ಜಿಪ್ಸಂ ಬೋರ್ಡನ್ನೇ ಆರಿಸಿ. ಬೋರ್ಡಿನ ಮೈ ಕಾರ್ಖಾನೆಯಿಂದಲೇ ಸಮವಾಗಿ ಬರುತ್ತದೆ, ಪಿ.ಓ.ಪಿ.ಯ ಸಮತಟ್ಟು ಕೆಲಸಗಾರನ ಕೈಯನ್ನೇ ಅವಲಂಬಿಸಿರುತ್ತದೆ. ಗೋಡೆಗೆ ಸೇರುವಲ್ಲಿ ಕಾರ್ನಿಸ್ (ಅಲಂಕಾರದ ಅಂಚುಪಟ್ಟಿ) ಬೇಡ. ಜಿಪ್ಸಂ ಮತ್ತು ಕಾಂಕ್ರೀಟ್ ಬಿಸಿಲು ಚಳಿಗೆ ಬೇರೆಬೇರೆಯಾಗಿ ಹಿಗ್ಗುವುದರಿಂದ ಅವೆರಡು ಕೂಡುವ ಗೆರೆಯಲ್ಲಿ ಬಿರುಕು ಬರುವುದು ಸಹಜ. ಅಲ್ಲಿ ಸುತ್ತಲೂ 10 ಮಿಲಿಮೀಟರಿನ ಗ್ರೂವ್ ಬಿಟ್ಟರೆ ಬಿರುಕಿಗೆ ಅವಕಾಶವೇ ಇರುವುದಿಲ್ಲ, ನೋಟವೂ ಅಚ್ಚುಕಟ್ಟಾಗಿರುತ್ತದೆ. ಕೋವ್ ಕೂಡ ಬೇಡ. ಅಷ್ಟು ಕಿರಿದಾದ ಜಾಗದಲ್ಲಿ ಕೋವಿನ ಬೆಳಕು ಸೀಲಿಂಗನ್ನು ಸವರಿಕೊಂಡು ಹೋಗುತ್ತದೆ, ಜೋಡಣೆಯ ಪ್ರತಿಯೊಂದು ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ. ಬಣ್ಣ ಯಾವುದೇ ಕಂಪನಿಯದಾಗಿರಲಿ, ಪೂರ್ತಿ ಮ್ಯಾಟ್ ಆಗಿರಲಿ. ಹೊಳಪು ಬಣ್ಣದಲ್ಲಿ ಪ್ರತಿ ದೀಪದ ಪ್ರತಿಬಿಂಬವೂ ಕಾಣುತ್ತದೆ.

ಉತ್ತರ: ಸೈಟ್ ಎಂಜಿನಿಯರ್, ಬೆಂಗಳೂರು

ಗೋಡೆಗೆ ಬೆಳಕು ಬೀಳಬೇಕೆಂಬ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಅದಕ್ಕಾಗಿ ಸೀಲಿಂಗನ್ನು ಇಳಿಸಲೇಬೇಕು ಎಂಬುದನ್ನು ಒಪ್ಪುವುದು ನನಗೆ ಕಷ್ಟ. ಮಿವಾನ್ ಸ್ಲ್ಯಾಬಿನ ಕೆಳಮೈ ಅಲ್ಯೂಮಿನಿಯಂ ಶೀಟುಗಳ ಮೇಲೆ ಎರಕಗೊಂಡಿರುವುದರಿಂದ ಸಾಮಾನ್ಯ ಸ್ಲ್ಯಾಬಿಗಿಂತ ಬಹಳ ನಯವಾಗಿರುತ್ತದೆ. ಗಾರೆಯ ಅಗತ್ಯವಿಲ್ಲದೆ ನೇರವಾಗಿ ಪುಟ್ಟಿ ಹಚ್ಚಿ ಬಣ್ಣ ಬಳಿಯಬಹುದಾದ ಇಂಥ ಮೇಲ್ಮೈಯನ್ನು ಮುಚ್ಚಿಬಿಡುವುದಕ್ಕಿಂತ ಮೊದಲು ಯೋಚಿಸಬೇಕು. ಮೇಲೆ ಎಲ್ಲಾದರೂ ನೀರು ಜಿನುಗಿದರೆ ಬಣ್ಣ ಬಳಿದ ಸ್ಲ್ಯಾಬಿನಲ್ಲಿ ಮರುದಿನವೇ ಗೊತ್ತಾಗುತ್ತದೆ. ಫಾಲ್ಸ್ ಸೀಲಿಂಗಿನ ಹಿಂದೆ ಅದು ತಿಂಗಳುಗಟ್ಟಲೆ ಅಡಗಿರಬಹುದು. ನಿಮ್ಮ ಪ್ಯಾಸೇಜಿಗೆ ಬಾತ್‌ರೂಮ್ ಅಂಟಿಕೊಂಡಿದೆ, ಮೇಲಿನ ಮನೆಯ ಬಾತ್‌ರೂಮಿನ ಸಂಕ್ ಭಾಗವೂ (ಪೈಪುಗಳಿಗಾಗಿ ತಗ್ಗಿಸಿದ ಸ್ಲ್ಯಾಬ್) ಅಲ್ಲೇ ಇರುತ್ತದೆ ಎಂಬುದನ್ನು ಮರೆಯಬಾರದು.

ಸ್ಲ್ಯಾಬಿಗೆ ಬಣ್ಣ ಮಾಡಿಸುವುದಾದರೆ ಒಂದು ವಿಷಯದಲ್ಲಿ ಎಚ್ಚರ ಬೇಕು. ಎರಕದ ಸಮಯದಲ್ಲಿ ಶೀಟಿಗೆ ಕಾಂಕ್ರೀಟ್ ಅಂಟದಿರಲೆಂದು ಹಚ್ಚುವ ಎಣ್ಣೆಯ ತೆಳುಪದರ ಸ್ಲ್ಯಾಬಿನ ಮೇಲೆ ಉಳಿದಿರುತ್ತದೆ. ಅದನ್ನು ಉಜ್ಜಿ ತೆಗೆಯದೆ ಪುಟ್ಟಿ ಹಚ್ಚಿದರೆ ಕೆಲವು ತಿಂಗಳಲ್ಲಿ ಪುಟ್ಟಿ ಹಪ್ಪಳದಂತೆ ಎದ್ದು ಬರುತ್ತದೆ. ಮೊದಲು ಮೇಲ್ಮೈಯನ್ನು ಸ್ಯಾಂಡಿಂಗ್ ಮಾಡಿಸಿ, ದೂಳು ತೆಗೆಸಿ, ಬಿಳಿ ಸಿಮೆಂಟ್ ಪುಟ್ಟಿಯ ಎರಡು ತೆಳು ಪದರಗಳನ್ನು ಹಚ್ಚಿಸಿ, ಪ್ರೈಮರ್ ಒಣಗಿದ ಮೇಲೆ ಮ್ಯಾಟ್ ಎಮಲ್ಷನ್ ಬಳಿಸಿ. ಶೀಟುಗಳು ಕೂಡುವಲ್ಲಿ ಉಳಿದಿರುವ ತೆಳುಗೆರೆಗಳನ್ನು ಗ್ರೈಂಡರಿನಿಂದ ಮಟ್ಟ ಮಾಡಿಸುವುದನ್ನು ಬಿಡಬೇಡಿ.

ಈ ದಾರಿಯಲ್ಲಿ ಹೋದರೆ ದೀಪವನ್ನು ಸೀಲಿಂಗಿನ ಹೊರಗೇ ಕೂರಿಸಬೇಕಾಗುತ್ತದೆ. ಖಾಲಿ ಗೋಡೆಗೆ ಸಮಾನಾಂತರವಾಗಿ ಸ್ಲ್ಯಾಬಿಗೆ ಅಂಟಿಕೊಂಡಂತೆ ಒಂದು ಉದ್ದನೆಯ ಅಲ್ಯೂಮಿನಿಯಂ ಪ್ರೊಫೈಲ್ ಲೈಟನ್ನು ಹಾಕಿಸಿ, ನಡುವಿನ ಲೈಟ್ ಪಾಯಿಂಟಿನಿಂದ ಅದೇ ಬಣ್ಣದ ಚಿಕ್ಕ ಚಾನೆಲ್ ಮೂಲಕ ತಂತಿ ತಂದರೆ ಸಾಕು. ಅದರೊಳಗಿನ ಎಲ್.ಇ.ಡಿ. ಸ್ಟ್ರಿಪ್ 24 ವೋಲ್ಟಿನದಾಗಿರಲಿ. 12 ವೋಲ್ಟಿನ ಉದ್ದನೆಯ ಸ್ಟ್ರಿಪ್ ತುದಿಗೆ ಹೋಗುತ್ತಾ ಮಂಕಾಗುತ್ತದೆ. ಬೀಮ್ ಕಾಣುತ್ತದೆ ನಿಜ, ಆದರೆ ಹಾಲ್ ಮುಗಿದು ಒಳಮನೆ ಆರಂಭವಾಗುವ ಜಾಗದಲ್ಲಿ ಒಂದು ಬೀಮ್ ಇರುವುದು ಕಣ್ಣಿಗೆ ಅಸಹಜವಲ್ಲ.

ಪಿ.ವಿ.ಸಿ. ಪಟ್ಟಿಗಳ ಬಗ್ಗೆ ಮಾತ್ರ ಯಾವ ರಾಜಿಯೂ ಬೇಡ. ಮೂರು ಕೋಣೆಗಳಲ್ಲಿ ಮಲಗಿದವರೆಲ್ಲ ಬೆಂಕಿಯ ಸಮಯದಲ್ಲಿ ಹೊರಬರಬೇಕಾದುದು ಈ ಒಂದೇ ದಾರಿಯಲ್ಲಿ. ಪಿ.ವಿ.ಸಿ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಇರುವ ದಟ್ಟ ಹೊಗೆ ಬರುತ್ತದೆ. ಅದು ಕಣ್ಣು ಮತ್ತು ಉಸಿರಾಟದ ನಾಳವನ್ನು ಸುಡುತ್ತದೆ. ಜಿಪ್ಸಂನಲ್ಲಾದರೋ ತೂಕದ ಐದನೆಯ ಒಂದು ಭಾಗದಷ್ಟು ನೀರು ರಾಸಾಯನಿಕವಾಗಿ ಬೆರೆತಿದ್ದು, ಬೆಂಕಿ ತಗುಲಿದಾಗ ಆ ನೀರು ಆವಿಯಾಗುವವರೆಗೂ ಬೋರ್ಡಿನ ಹಿಂಬದಿಯ ಬಿಸಿ ಏರುವುದು ತಡವಾಗುತ್ತದೆ. ನೀವು ಕೊನೆಗೆ ಫಾಲ್ಸ್ ಸೀಲಿಂಗನ್ನೇ ಆರಿಸಿದರೆ, ಜಿಪ್ಸಂ ಎಂಬ ಮೇಲಿನ ಸಲಹೆಗೆ ಇದೊಂದು ಹೆಚ್ಚಿನ ಕಾರಣ.

ಉತ್ತರ: ಎಲೆಕ್ಟ್ರಿಕಲ್ ಗುತ್ತಿಗೆದಾರ, ಹುಬ್ಬಳ್ಳಿ

ಇಬ್ಬರ ಮಾತುಗಳಲ್ಲಿಯೂ ಸತ್ಯವಿದೆ, ಆದರೆ ನಿಮ್ಮ ಮನೆಯಲ್ಲಿ ನಿರ್ಣಾಯಕವಾದುದು ತಂತಿಯ ಪ್ರಶ್ನೆ. 17 ಅಡಿಯ ಪ್ಯಾಸೇಜಿಗೆ ಒಂದೇ ತುದಿಯಲ್ಲಿ ಸ್ವಿಚ್ ಇರುವುದು ದೊಡ್ಡ ಕೊರತೆ. ದೊಡ್ಡ ಕೋಣೆಯಿಂದ ಹೊರಬರುವವರು ಕತ್ತಲಲ್ಲಿ ಹಾಲಿನವರೆಗೆ ನಡೆದು ದೀಪ ಹಾಕಬೇಕಾಗುತ್ತದೆ. ಎರಡೂ ತುದಿಗಳಿಂದ ದೀಪ ಹಾಕಿ ಆರಿಸಬಹುದಾದ ಟೂ ವೇ ಸ್ವಿಚ್ ಮಾಡಿಸಲು ಇನ್ನೊಂದು ತುದಿಯವರೆಗೆ ಹೆಚ್ಚುವರಿ ತಂತಿಗಳನ್ನು ಒಯ್ಯಬೇಕು, ಗೋಡೆ ಕೊರೆಯುವಂತಿಲ್ಲ. ಫಾಲ್ಸ್ ಸೀಲಿಂಗ್ ಇದ್ದರೆ ಅದರ ಮೇಲ್ಭಾಗದಲ್ಲಿ ಪೈಪ್ ಓಡಿಸಿ, ದೊಡ್ಡ ಕೋಣೆಯ ಬಾಗಿಲ ಬಳಿ ಬಾಗಿಲ ಚೌಕಟ್ಟಿನ ಪಟ್ಟಿಯ ಹಿಂದಿನಿಂದ ಸ್ವಿಚ್ಚಿಗೆ ಇಳಿಸಬಹುದು. ಸ್ಲ್ಯಾಬಿಗೆ ಬಣ್ಣ ಮಾತ್ರ ಬಳಿಯುವುದಾದರೆ ಇದು ಸಾಧ್ಯವಾಗುವುದಿಲ್ಲ. ಆಗ ತಂತಿ ಬೇಡದ ರಿಮೋಟ್ ಸ್ವಿಚ್ ಅಥವಾ ಸೆನ್ಸರನ್ನು ನೆಚ್ಚಿಕೊಳ್ಳಬೇಕು. ಈ ಕಾರಣಕ್ಕಾಗಿ ನನ್ನ ಒಲವು ಸೀಲಿಂಗ್ ಇಳಿಸುವ ಕಡೆಗಿದೆ. ನೀರು ಜಿನುಗಿದರೆ ತಿಳಿಯಬೇಕು ಎಂಬ ಆತಂಕಕ್ಕೆ, ಬಾತ್‌ರೂಮಿನ ಬಾಗಿಲ ಮೇಲೆ ಒಂದೂವರೆ ಅಡಿ ಚೌಕದ, ತೆರೆಯಬಹುದಾದ ಟ್ರ್ಯಾಪ್ ಡೋರ್ ಇಡಿಸಿ. ಎಲ್.ಇ.ಡಿ.ಗೆ ಬೇಕಾದಂತೆ ವಿದ್ಯುತ್ತನ್ನು ಹೊಂದಿಸಿ ಕೊಡುವ ಡ್ರೈವರ್ ಎಂಬ ಭಾಗವನ್ನು ಬದಲಿಸಲೂ ಅದೇ ಬಾಗಿಲು ಉಪಯೋಗಕ್ಕೆ ಬರುತ್ತದೆ.

ಸೀಲಿಂಗ್ ಚೌಕಟ್ಟಿನ ಕಬ್ಬಿಣವನ್ನು ಹಿಡಿದುಕೊಳ್ಳುವ ಫಾಸ್ಟನರ್‌ಗಳಿಗಾಗಿ ಸ್ಲ್ಯಾಬಿನಲ್ಲಿ ತೂತು ಕೊರೆಯುವ ಮೊದಲು ಬಿಲ್ಡರಿಂದ ಎಲೆಕ್ಟ್ರಿಕಲ್ ಡ್ರಾಯಿಂಗ್ ಪಡೆದು, ಸ್ಲ್ಯಾಬಿನೊಳಗೆ ಪೈಪ್ ಹೋಗಿರುವ ದಾರಿಯನ್ನು ಸೀಮೆಸುಣ್ಣದಿಂದ ಗುರುತು ಮಾಡಿಸಿ. ಇದನ್ನು ಓದುವ ಬೇರೆಯವರ ಗಮನಕ್ಕೆ: ನಿಮ್ಮ ಕಟ್ಟಡದ ಸ್ಲ್ಯಾಬ್ ಪೋಸ್ಟ್ ಟೆನ್ಷನ್ ಪದ್ಧತಿಯದಾಗಿದ್ದರೆ ಬಿಲ್ಡರ್ ಲಿಖಿತವಾಗಿ ಒಪ್ಪಿದ ಜಾಗ ಮತ್ತು ಆಳವನ್ನು ಮೀರಿ ಎಲ್ಲಿಯೂ ಕೊರೆಯಬಾರದು. ಒಳಗೆ ಬಿಗಿದಿರುವ ಉಕ್ಕಿನ ಕೇಬಲ್ಲಿಗೆ ಡ್ರಿಲ್ ತಾಗಿದರೆ ಅಪಾಯ ಪ್ರಾಣಕ್ಕೇ.

ದೀಪ ಕೊಳ್ಳುವಾಗ ಡ್ರೈವರ್ ಪ್ರತ್ಯೇಕವಾಗಿರುವ ಫಿಟಿಂಗ್‌ಗಳನ್ನೇ ತೆಗೆದುಕೊಳ್ಳಿ, ಬಿ.ಐ.ಎಸ್. ನೋಂದಣಿಯ ಗುರುತನ್ನು ನೋಡಿ. ಎಲ್.ಇ.ಡಿ. ದೀಪಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಡ್ರೈವರ್. ಬಿಸಿ ಹೆಚ್ಚಾದಷ್ಟೂ ಅದರ ಆಯುಷ್ಯ ಕಡಿಮೆ. ನಿಮಗೆ ಮೇಲೆ 10 ಇಂಚಿನ ಜಾಗ ಸಿಗುವುದರಿಂದ ಬಿಸಿಯ ತೊಂದರೆ ಬರಲಾರದು. ಸೀಲಿಂಗಿನ ತೂತಿನ ಅಳತೆ ಎಲ್ಲ ಕಂಪನಿಗಳಲ್ಲೂ ಸಿಗುವಂಥದ್ದಾಗಿರಲಿ, ಇಲ್ಲದಿದ್ದರೆ ಐದು ವರ್ಷದ ಮೇಲೆ ಒಂದು ದೀಪ ಕೆಟ್ಟಾಗ ನಾಲ್ಕನ್ನೂ ಬದಲಿಸಬೇಕಾಗುತ್ತದೆ. ಅಂಗಡಿಯಲ್ಲೇ ದೀಪ ಉರಿಸಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ಆ ಡ್ರೈವರ್ ಮಿನುಗುತ್ತಿದೆ ಎಂದರ್ಥ, ಅದನ್ನು ಕೊಳ್ಳಬೇಡಿ. ನಾಲ್ಕರಲ್ಲಿ ಒಂದು ದೀಪವನ್ನಾದರೂ ಇನ್ವರ್ಟರಿನ ಲೈನಿಗೆ ಸೇರಿಸಿ. ಕರೆಂಟ್ ಹೋಗಿ ಅಪಾರ್ಟ್‌ಮೆಂಟಿನ ಜನರೇಟರ್ ಶುರುವಾಗುವ ನಡುವಿನ ಕತ್ತಲಲ್ಲೇ ಹಿರಿಯರು ಎಡವುವುದು.

ಉತ್ತರ: ಉಡುಪಿಯ ಓದುಗರು

ಕರಾವಳಿಯವರು ಯಾರಾದರೂ ಈ ಚರ್ಚೆಯನ್ನು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ಜಿಪ್ಸಂ ನೀರಿಗೆ ಮೆತ್ತಗಾಗುವ ವಸ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆಯಾಗಿರುವ ನಮ್ಮ ಕಡೆ, ಅದರಲ್ಲೂ ಕಿಟಕಿಯಿಲ್ಲದ ಪ್ಯಾಸೇಜಿನಲ್ಲಿ, ಸಾಮಾನ್ಯ ಬೋರ್ಡಿನ ಕಾಗದದ ಮೇಲೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ಹಸಿರು ಕಾಗದದ ತೇವನಿರೋಧಕ ಬೋರ್ಡ್ ಅಥವಾ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ವಾಸಿ. ಬೆಂಗಳೂರಿನ ಒಣಹವೆಗೆ ಇಡೀ ಪ್ಯಾಸೇಜಿಗೆ ಅದರ ಅಗತ್ಯವಿಲ್ಲ, ಆದರೂ ನಿಮ್ಮ ಬಾತ್‌ರೂಮಿನ ಬಾಗಿಲ ಬಳಿಯ ಒಂದೆರಡು ಬೋರ್ಡುಗಳನ್ನು ತೇವನಿರೋಧಕವಾಗಿಯೇ ಹಾಕಿಸುವುದು ಒಳ್ಳೆಯದು.

ಮರುಪ್ರಶ್ನೆ: ಹೊಸಮನೆಯವರು, ಥಣಿಸಂದ್ರ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಟೂ ವೇ ಸ್ವಿಚ್ಚಿನ ಮಾತು ಓದಿದ ಮೇಲೆ ಸೀಲಿಂಗ್ ಇಳಿಸಲು ನನ್ನ ಪತ್ನಿಯೂ ಒಪ್ಪಿದ್ದಾರೆ. ಆದರೆ ಅದು ಸಾದಾ ಬಿಳಿಯದಾಗಿರಬೇಕು, ಯಾವ ವಿನ್ಯಾಸವೂ ಬೇಡ ಎಂಬುದು ಅವರ ಷರತ್ತು. ಇನ್ನೆರಡು ಸಂದೇಹಗಳಿವೆ. ಖಾಲಿ ಗೋಡೆಯ ಮೇಲೆ ಗಾಜು ಹಾಕಿದ ಕುಟುಂಬದ ಫೋಟೋಗಳನ್ನು ಸಾಲಾಗಿ ತೂಗುಹಾಕುವ ಆಸೆಯಿದೆ. ಹಾಗಾದರೆ ದೀಪವನ್ನು ಗೋಡೆಯಿಂದ ಎಷ್ಟು ದೂರಕ್ಕೆ ಸರಿಸಬೇಕು? ತಾಯಿಯವರಿಗಾಗಿ ರಾತ್ರಿಯಿಡೀ ಒಂದು ದೀಪ ಉರಿಸುವುದು ಸರಿಯೇ, ಸೆನ್ಸರ್ ಉತ್ತಮವೇ?

ಉತ್ತರ: ಒಳಾಂಗಣ ವಿನ್ಯಾಸಕಿ, ಮೈಸೂರು

ಫೋಟೋಗಳಿರುವುದಾದರೆ ಗೋಡೆಯಿಂದ ಒಂದಡಿ ದೂರದ ದೀಪ ಬೇಡ. ಅಷ್ಟು ಹತ್ತಿರದಿಂದ ಇಳಿಯುವ ಬೆಳಕು ಪ್ರತಿ ಫ್ರೇಮಿನ ಮೇಲಂಚಿನ ನೆರಳನ್ನು ಫೋಟೋದ ಮೇಲೆಯೇ ಬೀಳಿಸುತ್ತದೆ. ಚಿತ್ರಗಳಿಗೆ ಬೆಳಕು ಲಂಬರೇಖೆಯಿಂದ ಸುಮಾರು 30 ಡಿಗ್ರಿ ಕೋನದಲ್ಲಿ ಬೀಳಬೇಕೆಂಬುದು ಚಿತ್ರಶಾಲೆಗಳಲ್ಲಿ ಅನುಸರಿಸುವ ಕ್ರಮ. ಫೋಟೋಗಳ ನಡುಭಾಗ ನೆಲದಿಂದ 5 ಅಡಿ ಎತ್ತರದಲ್ಲಿದ್ದರೆ ಅಲ್ಲಿಂದ ನಿಮ್ಮ ಹೊಸ ಸೀಲಿಂಗಿಗೆ 44 ಇಂಚು. 30 ಡಿಗ್ರಿಗೆ ದೀಪ ಗೋಡೆಯಿಂದ ಸುಮಾರು 25 ಇಂಚು ದೂರದಲ್ಲಿರಬೇಕಾಗುತ್ತದೆ. ನಿಮ್ಮ ಪ್ಯಾಸೇಜಿನ ನಡುಗೆರೆ ಗೋಡೆಯಿಂದ ಇಪ್ಪತ್ತೆರಡೂವರೆ ಇಂಚಿನಲ್ಲಿ ಬರುತ್ತದೆ, ಆದ್ದರಿಂದ ಅಲ್ಲಿಂದ ಬೀಳುವ ಬೆಳಕಿನ ಕೋನ 27 ಡಿಗ್ರಿ. ಅಷ್ಟು ಸಾಕು. ದೀಪಗಳನ್ನು ನಡುಗೆರೆಯಲ್ಲಿಯೇ ಇಡಿಸಿ, ಆದರೆ ನೇರವಾಗಿ ಕೆಳಗೆ ನೋಡುವ ಫಿಟಿಂಗ್‌ಗಳ ಬದಲು ಓರೆಯಾಗಿ ತಿರುಗಿಸಬಹುದಾದವುಗಳನ್ನು ಕೊಂಡು, ಮೂರನ್ನು ಫೋಟೋ ಗೋಡೆಯ ಕಡೆಗೆ ವಾಲಿಸಿ. ನಾಲ್ಕನೆಯದು ದೊಡ್ಡ ಕೋಣೆಯ ಬಾಗಿಲಿನ ಮುಂದೆ ನೇರವಾಗಿಯೇ ಇರಲಿ, ಏಕೆಂದರೆ ಬಲಗಡೆಯ ಬಾಗಿಲಿನ ಎದುರು ಓರೆ ದೀಪವಿದ್ದರೆ ಅಲ್ಲಿಂದ ಹೊರಬರುವವರ ಕಣ್ಣಿಗೆ ಅದು ಚುಚ್ಚುತ್ತದೆ. ಬಲ್ಬಿನ ಭಾಗ ಒಳಗೆ ಆಳವಾಗಿ ಕೂತಿರುವ ಫಿಟಿಂಗ್ ಆರಿಸಿದರೆ ಉದ್ದಕ್ಕೆ ನಡೆಯುವವರಿಗೂ ಕಣ್ಣು ಕುಕ್ಕುವುದಿಲ್ಲ. ಮುಖಗಳ ಬಣ್ಣ ಸಹಜವಾಗಿ ಕಾಣಬೇಕಾದರೆ ಸಿ.ಆರ್.ಐ. (ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ) 90 ಅಥವಾ ಅದಕ್ಕಿಂತ ಹೆಚ್ಚು ಇರಲಿ.

ಬೆಳಕಿನ ಬಣ್ಣಕ್ಕೆ ಹಾಲಿನಲ್ಲಿ ಹಾಕಿರುವುದನ್ನೇ ಅನುಸರಿಸಿ. ಹಾಲ್ ಮತ್ತು ಪ್ಯಾಸೇಜ್ ಒಂದೇ ನೋಟದಲ್ಲಿ ಕಾಣುವುದರಿಂದ ಒಂದು ಕಡೆ 6500 ಕೆಲ್ವಿನ್ (ನೀಲಿ ಛಾಯೆಯ ಬಿಳಿ ಬೆಳಕು), ಇನ್ನೊಂದು ಕಡೆ 3000 ಕೆಲ್ವಿನ್ (ಹಳದಿ ಛಾಯೆಯ ಬೆಳಕು) ಇದ್ದರೆ ಗೋಡೆಯ ಬಣ್ಣವೇ ಬೇರೆಯಾದಂತೆ ತೋರುತ್ತದೆ. ಹಾಲಿನದು ಇನ್ನೂ ನಿರ್ಧಾರವಾಗಿಲ್ಲದಿದ್ದರೆ ಎರಡಕ್ಕೂ 3000 ಇರಲಿ ಎನ್ನುತ್ತೇನೆ. ಹಗಲಿನಲ್ಲೂ ಉರಿಯುವ ದೀಪವಾದ್ದರಿಂದ 4000 ಕೂಡ ತಪ್ಪಲ್ಲ.

ತಾಯಿಯವರ ವಿಷಯ ಎಲ್ಲಕ್ಕಿಂತ ಮುಖ್ಯವಾದುದು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟುವುದರಿಂದ, ಇಪ್ಪತ್ತರ ಹರೆಯದವರ ಅಕ್ಷಿಪಟಕ್ಕೆ ತಲುಪುವ ಬೆಳಕಿನ ಮೂರನೆಯ ಒಂದು ಭಾಗ ಮಾತ್ರ ಅರವತ್ತು ದಾಟಿದವರಿಗೆ ತಲುಪುತ್ತದೆ. ಆದರೆ ಕತ್ತಲೆಗೆ ಹೊಂದಿಕೊಂಡಿದ್ದ ಕಣ್ಣಿಗೆ ಏಕಾಏಕಿ ನಾಲ್ಕು ಡೌನ್‌ಲೈಟ್ ಹೊತ್ತಿದರೆ ಅವರಿಗೆ ಮೊದಲ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಆದ್ದರಿಂದ ಸೆನ್ಸರನ್ನು ಮೇಲಿನ ದೀಪಗಳಿಗೆ ಜೋಡಿಸಬೇಡಿ. ಎಡಗಡೆಯ ಗೋಡೆಯಲ್ಲಿ, ನೆಲದಿಂದ ಸುಮಾರು ಒಂದಡಿ ಎತ್ತರದಲ್ಲಿ, ಹಳದಿ ಬೆಳಕಿನ 1 ವಾಟಿನ ಎರಡು ಫುಟ್‌ಲೈಟ್‌ಗಳನ್ನು ಸೆನ್ಸರಿಗೆ ಸೇರಿಸಿ. ಗೋಡೆ ಕೊರೆಯುವಂತಿಲ್ಲವಾದ್ದರಿಂದ ಸ್ಕರ್ಟಿಂಗಿಗೆ ಅಂಟಿಸುವ ಚಾರ್ಜ್ ಮಾಡಬಹುದಾದ ದೀಪಗಳೂ ನಡೆಯುತ್ತವೆ, ಆದರೆ ಅವುಗಳನ್ನು ಚಾರ್ಜ್ ಮಾಡುವ ಹೊಣೆ ಮನೆಯಲ್ಲಿ ಒಬ್ಬರದ್ದಾಗಿರಬೇಕು.

ಉತ್ತರ: ಎಲೆಕ್ಟ್ರಿಕಲ್ ಗುತ್ತಿಗೆದಾರ, ಹುಬ್ಬಳ್ಳಿ

ಸೆನ್ಸರಿನ ಬಗ್ಗೆ ಒಂದು ಸೇರ್ಪಡೆ. ಮೈಶಾಖದ ಚಲನೆಯನ್ನು ಗ್ರಹಿಸುವ ಪಿ.ಐ.ಆರ್. ಸೆನ್ಸರ್ ತನ್ನ ಎದುರು ಅಡ್ಡವಾಗಿ ಹಾದುಹೋಗುವವರನ್ನು ಬೇಗ ಗುರುತಿಸುತ್ತದೆ, ತನ್ನತ್ತಲೇ ನೇರವಾಗಿ ನಡೆದುಬರುವವರನ್ನು ತಡವಾಗಿ ಗುರುತಿಸುತ್ತದೆ. ಆದ್ದರಿಂದ ಅದನ್ನು ಪ್ಯಾಸೇಜಿನ ತುದಿಯ ಗೋಡೆಯಲ್ಲಿಡದೆ ತಾಯಿಯವರ ಕೋಣೆಯ ಬಾಗಿಲ ಪಕ್ಕದಲ್ಲಿಡಿ. ಅವರು ಹೊಸಿಲು ದಾಟುವಾಗಲೇ ದೀಪ ಹೊತ್ತಿಕೊಳ್ಳುತ್ತದೆ. ಮೈಕ್ರೋವೇವ್ ಸೆನ್ಸರ್ ಬೇಡ. ಅದು ಮರದ ಬಾಗಿಲಿನ ಆಚೆಯ ಚಲನೆಯನ್ನೂ ಹಿಡಿಯುತ್ತದೆ, ಕೋಣೆಯಲ್ಲಿ ಯಾರಾದರೂ ಎದ್ದು ಓಡಾಡಿದರೂ ಪ್ಯಾಸೇಜಿನ ದೀಪ ಹೊತ್ತಿಕೊಳ್ಳುತ್ತದೆ. ದೀಪ ಆರುವ ಸಮಯವನ್ನು ಎರಡು ಮೂರು ನಿಮಿಷಕ್ಕೆ ಹೊಂದಿಸಿ. ಅವರು ಬಾತ್‌ರೂಮಿನಿಂದ ಹೊರಬರುವಾಗ ಅದರ ಬಾಗಿಲು ತೆರೆಯುವ ಜಾಗವೂ ಸೆನ್ಸರಿನ ವ್ಯಾಪ್ತಿಯಲ್ಲಿದೆಯೇ ಎಂದು ಬೋರ್ಡ್ ಮುಚ್ಚುವ ಮೊದಲೇ ತಾತ್ಕಾಲಿಕವಾಗಿ ಕೂರಿಸಿ ಪರೀಕ್ಷಿಸಿ.